ಗಂಗಾಂಬಿಕೆ ದಾಟದ ಗೇಟು

ಗಂಗಾಂಬಿಕೆಯ ಅಜ್ಜ, ಅರಕಲಗೂಡು ಸೀಮೆಯ ಚಂದ್ರಶೇಖರಯ್ಯನವರು ಕೋರ್ಟಿನ ಅಮೀನರು. ಕೋರ್ಟಿನ ಕಾಗದವನ್ನು ಊರೂರಿಗೆ ಹೊತ್ತು, ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೇ ಕೊಟ್ಟು ರುಜು ಹಾಕಿಸಿಕೊಂಡು ಬರುವ ಕೆಲಸ. ಒಂದು ಆಷಾಢದಲ್ಲಿ ಹೇಮಾವತಿ ಎರಡೂ ದಡ ನುಂಗಿ ಹರಿಯುವಾಗ, ಸಮನ್ಸನ್ನು ರುಮಾಲಿನೊಳಗೆ ಸುತ್ತಿಕೊಂಡು ಈಜಿ ಆಚೆ ದಡ ಸೇರಿದ ಆಸಾಮಿ. ನಡುಹೊಳೆಯಲ್ಲಿ ಬಂಡೆ ಬಡಿದು ಎದೆಪಟ್ಟಿಯ ಹಿತ್ತಾಳೆ ಬಿಲ್ಲೆಯ ಬಲ ಅಂಚು ನೆಗ್ಗಿತು, ಎದೆ ನೆಗ್ಗಲಿಲ್ಲ. ಅದೇ ಬಿಲ್ಲೆಯನ್ನು, ಅದೇ ಕೆಲಸಕ್ಕೆ ಬಂದ ಮಗ ಸಿದ್ದೇಶ್ವರ, ಅಂದರೆ ಗಂಗಾಂಬಿಕೆಯ ಅಪ್ಪ, ತೊಟ್ಟ. ಬಿಲ್ಲೆಯ ಕಾಲ ಮುಗಿದ ಮೇಲೂ ಬಿಚ್ಚಲಿಲ್ಲ. ಸೋಮವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಕೋರ್ಟಿನ ಮುಂದೆ ಅರ್ಜಿ ಬರೆದುಕೊಂಡು ನಲವತ್ತು ವರ್ಷ ಕೂತ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಇಂಥ ಸಿದ್ದೇಶ್ವರ ಒಂದು ದಿನ ಮೊಸಳೆ ಎಂಬ ಊರಿನಿಂದ ಮೂರು ಮೈಲಿ ಒಳಗೆ, ಪುಟ್ಟರಾಜು ಎಂಬುವನ ತೆಂಗಿನ ತೋಟದ ಮನೆಗೆ ಸಮನ್ಸು ಹಿಡಿದು ಹೋದ. ಸಂಜೆ ಬರಿಗಾಲಲ್ಲಿ ನಡೆದು ಬಂದ. ಎದೆಯ ಮೇಲೆ ಬಿಲ್ಲೆ ಇರಲಿಲ್ಲ. ಮೂರು ದಿನ ಜ್ವರ ಕಾಯಿತು. ಹೆಂಡತಿ ಕಮಲಾಕ್ಷಮ್ಮ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಮಗಳಿಗೆ ಮಾತ್ರ ಒಂದು ಮಾತು ಹೇಳಿದ: “ಆ ಗೇಟಿನೊಳಕ್ಕೆ ಯಾವತ್ತೂ ಕಾಲಿಡಬ್ಯಾಡ ಕಣವ್ವ.”

ಅಲ್ಲಿಂದಾಚೆ ಆ ಮನೆಯ ಕಾಗದವೆಲ್ಲ ಸಂತೆಯಲ್ಲೇ ಜಾರಿ. ಪುಟ್ಟರಾಜು ಸಂತೆಗೆ ಬಂದಾಗ ಮರದ ಕೆಳಗೆ ರುಜು ಹಾಕಿಸಿಕೊಳ್ಳುವುದು, ಕಾಗದದ ಬೆನ್ನಿಗೆ ‘ಮನೆಯ ಬಾಗಿಲಲ್ಲಿ ಖುದ್ದು ಕೊಟ್ಟಿದ್ದೇನೆ’ ಎಂದು ಷರಾ ಬರೆಯುವುದು. ಸಿದ್ದೇಶ್ವರ ತೀರಿಕೊಂಡು, ಅನುಕಂಪದ ಆಧಾರದ ಮೇಲೆ ಆ ಕೆಲಸಕ್ಕೆ ಬಂದ ಗಂಗಾಂಬಿಕೆಯೂ ಹದಿನಾರು ವರ್ಷ ಹಾಗೇ ಮಾಡಿದಳು. ಯಾಕೆ ಹೆದರಬೇಕೆಂದು ಗೊತ್ತಿಲ್ಲದೆ ಹೆದರಿದಳು. ಅಂಥ ಹೆದರಿಕೆಗೆ ತಳವಿರುವುದಿಲ್ಲ.

ಈಚೆಗೆ ಪುಟ್ಟರಾಜು ಸಂತೆಗೆ ಬರುವುದನ್ನೇ ಬಿಟ್ಟ. ಅವನ ಅಕ್ಕ ಬೆಟ್ಟಮ್ಮ ತನ್ನ ಪಾಲು ಕೇಳಿ ಕೋರ್ಟಿಗೆ ಹೋಗಿದ್ದಳು. ಮೂರು ಸಲ ಸಮನ್ಸು ‘ಆಸಾಮಿ ಮನೆಯಲ್ಲಿಲ್ಲ’ ಎಂಬ ಷರಾ ಹೊತ್ತು ವಾಪಸು ಬಂತು. ಗಂಗಾಂಬಿಕೆ ಮನೆಯ ಹತ್ತಿರಕ್ಕೇ ಹೋಗಿರಲಿಲ್ಲ. ಬೆಟ್ಟಮ್ಮ ಪ್ರತಿ ವಾಯಿದೆಗೂ ಸೆರಗಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದು, “ಅವ್ನು ಮನೇಲೇ ಅವ್ನೆ ಕಣವ್ವ, ಇನ್ನೆಲ್ಲಿಗೋಯ್ತಾನೆ?” ಎನ್ನುವಳು. ಗಂಗಾಂಬಿಕೆ ಕಂಬ ನೋಡುವಳು.

ಹೀಗಿರುವಾಗ ಹಾಸನದಲ್ಲಿ ಕೋರ್ಟಿನ ನೌಕರರಿಗೆ ಎರಡು ದಿನದ ತರಬೇತಿ ನಡೆಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಮೀನರೆಲ್ಲ ಕೊಟ್ಟ ಹೊಸ ಫೋನುಗಳನ್ನು ಹಸುಗೂಸಿನಂತೆ ಅಂಗೈಯಲ್ಲಿಟ್ಟುಕೊಂಡು ಕೂತರು. ಕಲಿಸಲು ಬಂದ ಭವ್ಯಶ್ರೀ ಮೇಡಂ ಗೋಡೆಯ ಮೇಲೆ ನಕ್ಷೆ ಬಿಟ್ಟು ತೋರಿಸಿದರು.

“ನೀವು ಬಾಗಿಲಲ್ಲಿ ನಿಂತು ಇದನ್ನ ಒತ್ತಬೇಕು. ಎಲ್ಲಿ ನಿಂತಿದ್ದೀರೋ ಅಲ್ಲಿ ಕೆಂಪು ಚುಕ್ಕಿ ಬೀಳತ್ತೆ. ಬಾಗಿಲಿನ ಫೋಟೋನೂ ಬೇಕು.”

“ಓಟ್ಲಲ್ಲಿ ಕೂತು ಷರಾ ಬರ್ಯೋ ಕಾಲ ಓಯ್ತು ಕಣ್ರಪ್ಪೋ!” ಎಂದ ಚನ್ನರಾಯಪಟ್ಟಣದ ಶಾಂತರಾಜು.

“ಮೇಡಂ, ನಾಯಿ ಅಟ್ಟುಸ್ಕೊಂಡು ಬಂದ್ರೆ ಅದ್ರ ಫೋಟೋನೂ ತೆಗೀಬೇಕಾ?” ಎಂದ ಗಂಗಾಂಬಿಕೆಯ ಜೊತೆಯ ಅಮೀನ ರಜನೀಶ್.

“ಮೊದ್ಲು ಓಡಿ. ಆಮೇಲೆ ತೆಗೀರಿ.”

ಸಭೆಯೆಲ್ಲ ನಕ್ಕಿತು. ಗಂಗಾಂಬಿಕೆಗೆ ಹದಿನಾರು ವರ್ಷದ ಸುಳ್ಳು ಷರಾಗಳೆಲ್ಲ ಆ ಗೋಡೆಯ ಮೇಲೆ ಸಂತೆಮಾಳದಲ್ಲಿ ಕೆಂಪಗೆ ಬಿದ್ದಂತೆ ಕಂಡಿತು. ಕೊನೆಗೆ ಮೇಡಂ ಒಬ್ಬೊಬ್ಬರಿಗೂ ಅವರವರ ಕೋರ್ಟಿನ ಒಂದೊಂದು ನಿಜವಾದ ಸಮನ್ಸು ಕೊಟ್ಟು, ನಾಳೆಯೊಳಗೆ ಫೋನಿನಲ್ಲೇ ಜಾರಿ ಮಾಡಬೇಕೆಂದರು. ಗಂಗಾಂಬಿಕೆ ಲಕೋಟೆ ತಿರುಗಿಸಿದಳು. ಪುಟ್ಟರಾಜು, ತೋಟದ ಮನೆ. ಬಾಗಿಲಲ್ಲಿ ಚುಕ್ಕಿ ಬೀಳದಿದ್ದರೆ ಬೆಟ್ಟಮ್ಮನ ವಾಯಿದೆ ಮತ್ತೆ ಮುಂದಕ್ಕೆ. ತನ್ನನ್ನೂ ನ್ಯಾಯಾಧೀಶರು ಕರೆದು ಕೇಳುವರು.

ಮಾರನೆಯ ಬೆಳಿಗ್ಗೆ ಬಸ್ಸಿಳಿದು ಮೂರು ಮೈಲಿ ನಡೆದಳು. ಗೇಟು ಬಂತು. ಒಳಗೆಲ್ಲೋ ಕಾಯಿ ಸುಲಿಯುವ ಸದ್ದು. ಅವಳು ನಿಂತದ್ದೇ ತಡ, ಅದೂ ನಿಂತಿತು. ಯಾರೋ ನೋಡುತ್ತಿದ್ದಾರೆ. ಮರಗಳ ಸಾಲಿನಲ್ಲಿ ಯಾರೂ ಕಾಣುವುದಿಲ್ಲ. ಫೋನಿನಲ್ಲಿ ಚುಕ್ಕಿ ಗೇಟಿನ ಹೊರಗೇ ಮಿನುಗುತ್ತಿತ್ತು. ಬಾಗಿಲು ಇನ್ನೂ ನೂರು ಹೆಜ್ಜೆ.

ಹಿಂದೆ ಬೈಕಿನ ಸದ್ದಾಯಿತು. ರಜನೀಶ್.

“ಅಕ್ಕಾ, ನೆನ್ನೆ ಲಕೋಟೆ ನೋಡ್ದಾಗ್ಲೇ ನಿಮ್ ಮಖ ಕಪ್ಪಿಟ್ಟೋಗಿತ್ತು. ಕೊಡಿ ಇಲ್ಲಿ ಫೋನು, ಕಾಗ್ದ. ನಾ ಒಳಕ್ಕೋಗಿ ಒತ್ಕೊಂಡು ಬತ್ತೀನಿ. ನೀವಿಲ್ಲೇ ನೆಳ್ಳಲ್ಲಿರಿ. ಚುಕ್ಕಿಗೇನು ಕಣ್ಣಯ್ತಾ, ಯಾರ್ ಒತ್ತುದ್ರು ಅಂತ ನೋಡಾಕೆ?”

ಗಂಗಾಂಬಿಕೆಯ ಕೈ ತಾನಾಗಿ ಮುಂದಕ್ಕೆ ಹೋಯಿತು. ಆಗಲೇ ತೋಟದೊಳಗಿಂದ ಕರಿನಾಯಿಯೊಂದು ಬೊಗಳುತ್ತ ಗೇಟಿನ ಸರಳಿಗೆ ಬಂದು ಬಡಿಯಿತು. ಅದರ ಕೊರಳಲ್ಲಿ ಹಿತ್ತಾಳೆಯದೇನೋ ಹೊಳೆಯಿತು. ಅಂಗೈ ಅಗಲದ ಬಿಲ್ಲೆ. ಬಲ ಅಂಚು ನೆಗ್ಗಿತ್ತು.

ನಾಯಿ ಎಳೆಯದು. ಅದಕ್ಕೆ ಮುಂಚೆ ಎಷ್ಟು ನಾಯಿಗಳ ಕೊರಳು ಸುತ್ತಿ ಬಂದಿತ್ತೋ ಅಪ್ಪನ ಎದೆಯಿಂದ ಕಿತ್ತ ಆ ಬಿಲ್ಲೆ. ಅಪ್ಪ ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಯಾಕೆ ಮಲಗಿದ್ದನೆಂದು ಗಂಗಾಂಬಿಕೆಗೆ ಆಗ ತಿಳಿಯಿತು. ಚಾಚಿದ ಕೈಯನ್ನು ಹಿಂದಕ್ಕೆಳೆದು ಫೋನನ್ನು ಎದೆಗೆ ಒತ್ತಿಕೊಂಡಳು. ಇನ್ನೊಂದು ಕೈಯನ್ನು ಗೇಟಿನ ಚಿಲಕದ ಮೇಲಿಟ್ಟಳು.

“ಬ್ಯಾಡ ಕಣಪ್ಪ ರಜನೀಶ. ನೀನು ಗಾಡಿ ತಾವೇ ಇರು, ಒಂದೆಜ್ಜೆನೂ ಬರಬ್ಯಾಡ. ನಂಗೆ ದಿಗಿಲಾಯ್ತಾ ಅದೆ, ಸುಳ್ಯಾಕೆ ಏಳ್ಲಿ. ಆದ್ರೆ ನಮ್ಮಪ್ಪ ಒಳಕ್ಕೆ ಒಬ್ನೇ ಓಗಿದ್ದ. ನಾನೂ ಒಬ್ಳೇ ಓಯ್ತೀನಿ.”