ಒಂದೇ ತಂತಿ, ಮೂರು ಭಾಷೆ

ಸ್ಫಾಕ್ಸ್ ನಗರದ ಒಂದು ದಿನಪತ್ರಿಕೆಗೆ ಮನೂಬಿಯಾ ಟೆಲಿಫೋನ್ ಆಪರೇಟರಾಗಿ ಸೇರಿದವಳು. ಕಂಪ್ಯೂಟರುಗಳು ಬಂದಾಗ ಅವುಗಳ ಕೈಪಿಡಿ ಓದುವ ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ. ಹಾಗಾಗಿ ನೆಟ್‌ವರ್ಕ್ ಅವಳ ತಲೆಗೆ ಬಿತ್ತು. ಹುದ್ದೆ ಮಾತ್ರ ಕಾಗದದ ಮೇಲೆ ಹಳೆಯದೇ ಉಳಿಯಿತು.

೧೯೯೮ರ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಎಲ್ಲ ಪರದೆಗಳೂ ಮಂಕು ಬಡಿದಂತೆ ನಿಂತುಬಿಡುತ್ತಿದ್ದವು. ಪುಟ ಕಟ್ಟುವ ಲಸಾದ್ ಜಾಹೀರಾತು ವಿಭಾಗವನ್ನು ಬೈಯುತ್ತಿದ್ದ. ಆ ವಿಭಾಗದ ಮದಾಮ್ ದಲೀಲಾ ಅವನ ಮ್ಯಾಕ್ ಕಂಪ್ಯೂಟರುಗಳಿಗೆ ಶಾಪ ಹಾಕುತ್ತಿದ್ದಳು. ನಿರ್ದೇಶಕ ಸೀ ಶೆಡ್ಲಿ ಇಬ್ಬರಿಗೂ ಗದರಿ, ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ತಂತಿ ಒಂದೇ, ಮಾತಾಡೋ ಭಾಷೆ ಮೂರು," ಎಂದಳು ಮನೂಬಿಯಾ ನಿರ್ದೇಶಕರಿಗೆ. "ಮ್ಯಾಕ್‌ಗಳದ್ದು ಆಪಲ್‌ಟಾಕ್, ಜಾಹೀರಾತಿನವರ ಹಳೇ ಸರ್ವರ್‌ದು ಐಪಿಎಕ್ಸ್, ವರದಿಗಾರರದ್ದು ಐಪಿ. ಒಬ್ರು ಕೂಗಿದ್ದು ಎಲ್ಲರ ಕಿವಿಗೂ ಬೀಳ್ತಿದೆ. ತಂತಿಗಳೆಲ್ಲ ಸೇರೋ ಸ್ವಿಚ್ ಪೆಟ್ಟಿಗೇಲಿ ಭಾಷೆಗೊಂದು ವಿ-ಲ್ಯಾನ್ ಮಾಡ್ತೀನಿ. ತಂತಿ ಅದೇ, ದಾರಿ ಬೇರೆ ಬೇರೆ."

"ಹೊಸದೇನೂ ಕೊಳ್ಳೋದು ಬೇಡ್ವಲ್ಲ? ಹಾಗಿದ್ರೆ ಮಾಡು."

ಭಾನುವಾರ ಒಬ್ಬಳೇ ಕೂತು ಮಾಡಿ ಮುಗಿಸಿದಳು. ಸೋಮವಾರ ಮ್ಯಾಕ್‌ಗಳು ಚುರುಕಾದವು, ವರದಿಗಾರರ ಗೊಣಗಾಟವೂ ನಿಂತಿತು. ಆದರೆ ಮೂರು ಹೊಡೆದದ್ದೇ ತಡ, ಜಾಹೀರಾತು ವಿಭಾಗ ಮಾತ್ರ ಮತ್ತೆ ಮಲಗಿತು. ಐಪಿಎಕ್ಸ್ ದಾರಿಯಲ್ಲಿ ಐದು ಯಂತ್ರಗಳಿರಬೇಕಿತ್ತು, ಏಳು ಕಂಡವು. ಹೆಚ್ಚುವರಿ ಎರಡರಲ್ಲಿ ಒಂದು ಸಂಪಾದಕರದ್ದು, ಇನ್ನೊಂದು ನಿರ್ದೇಶಕರದ್ದು.

ಮನೂಬಿಯಾ ಬಾಗಿಲು ತಟ್ಟದೆ ಒಳನುಗ್ಗಿದಳು. ಸೀ ಶೆಡ್ಲಿಯ ಪರದೆಯ ಮೇಲೆ ಯುದ್ಧದಾಟದ ಟ್ಯಾಂಕುಗಳು ಹೊತ್ತಿ ಉರಿಯುತ್ತಿದ್ದವು; ಆ ಆಟ ಮಾತಾಡುವುದೂ ಐಪಿಎಕ್ಸೇ.

"ನಿಮ್ಮ ಟ್ಯಾಂಕು ಮದಾಮ್ ದಲೀಲಾರ ಮದುವೆ ಜಾಹೀರಾತುಗಳ ಮೇಲೆ ಹತ್ತಿ ಹೋಗ್ತಿದೆ, ಸೀ ಶೆಡ್ಲಿ."

"ಮೆಲ್ಲಗೆ ಮಾತಾಡು ತಾಯಿ." ಅವರು ಹಣೆ ಒರೆಸಿಕೊಂಡರು. "ಆಟ ನಿಲ್ಲಿಸ್ಬೇಕಾ?"

"ಯಾಕೆ? ನಿಮ್ಮಿಬ್ಬರಿಗೇ ಒಂದು ದಾರಿ ಮಾಡಿಕೊಡ್ತೀನಿ, ಅಲ್ಲೇ ಹೊಡೆದಾಡ್ಕೊಳ್ಳಿ. ಆದ್ರೆ ನನ್ನ ಹುದ್ದೆ ಬದಲಾಯಿಸೋ ಕಾಗದ ಎರಡು ವರ್ಷದಿಂದ ನಿಮ್ಮ ಮೇಜಿನ ಮೇಲಿದೆ."

ಅವರು ಕಾಗದ ಹುಡುಕಿ ಸಹಿ ಹಾಕಿದರು. ಐಪಿಎಕ್ಸ್‌ನಲ್ಲೇ ಮಾತು ಕಟ್ಟಿ ಕಳಿಸುವ ಇನ್ನೊಂದು ಬಗೆಯಿತ್ತು. ಮನೂಬಿಯಾ ಆ ಎರಡು ಯಂತ್ರಗಳನ್ನು ಅದಕ್ಕೆ ಹೊರಳಿಸಿ, ಸ್ವಿಚ್ಚಿನಲ್ಲಿ ಅದಕ್ಕೂ ಬೇರೆ ದಾರಿ ಬರೆದಳು. ಆಟ ಕೂಡ ಮೊದಲಿಗಿಂತ ಸಲೀಸಾಯಿತು. ಆ ವಾರವೆಲ್ಲ ಸೋತದ್ದು ಸೀ ಶೆಡ್ಲಿಯೇ.

ಧನ್ಯವಾದ ಹೇಳುವುದಿರಲಿ, ಮದಾಮ್ ದಲೀಲಾ ಅವಳನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದಳು. "ಮೂರಕ್ಕೆ ಎಲ್ಲಾ ನಿಂತಾಗ ಅರ್ಧ ಗಂಟೆ ಆರಾಮಾಗಿ ಟೀ ಕುಡೀತಿದ್ವಿ. ಯಾರು ಕೇಳಿದ್ರು ನಿನ್ನ ರಿಪೇರಿನ?"

ಮನೂಬಿಯಾ ಅಲ್ಲೇ ಇನ್ನೆಂಟು ವರ್ಷ ದುಡಿದಳು. ಜಾಹೀರಾತಿನವರು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಲಸಾದ್ ಮಾತ್ರ ತನ್ನ ಕರಿದ ಫ್ರಿಕಾಸೆ ಬನ್ನಿನಲ್ಲಿ ಅರ್ಧ ಮುರಿದು ಅವಳಿಗೆ ಕೊಡುತ್ತಿದ್ದ.