ಘಾಟಿನ ತಂಬಿಗೆ

ಗಾಜು ಊದುವ ಕಾಕಾನ ಗಲ್ಲಗಳು ಊದಿ ಊದಿ ಎಷ್ಟು ಸಡಿಲಾಗಿದ್ದವೆಂದರೆ, ಅವರು ಮಾತು ನಿಲ್ಲಿಸಿದ ಮೇಲೂ ಅವು ತುಸು ಹೊತ್ತು ಅಲುಗಾಡುತ್ತಿದ್ದವು. ಸಂಶಿ ಊರಿನ ನಮ್ಮ ಓಣಿಗೆ ಹೊಸದಾಗಿ ಬಂದವರು, ಇವರ ಮಾತು ಇನ್ನೂ ಮುಗಿದಿಲ್ಲವೆಂದು ಕಾಯುತ್ತ ನಿಲ್ಲುತ್ತಿದ್ದರು.

ದೂರದ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಪ್ರಯೋಗಾಲಯದ ಸೀಸೆ ಊದಿ, ನಿವೃತ್ತರಾಗಿ ಬಂದವರು ಹಿತ್ತಲಿನ ಹತ್ತಿ ತುಂಬುವ ಶೆಡ್ಡಿನಲ್ಲಿ ಕುಲುಮೆ ಹೂಡಿದರು. "ಒಂದ ಅಳತಿ ಊದಿ ಊದಿ ಬ್ಯಾಸರ ಬಂದೈತಿ. ಇನ್ನ ಮನಸ್ಸಿಗೆ ಬಂದದ್ದ ಊದತೀನಿ" ಎಂದರು. ಮನಸ್ಸಿಗೆ ಮೊದಲು ಬಂದದ್ದು ಬದನೆಕಾಯಿ. ನೇರಳೆ ಬಣ್ಣ, ಹಸಿರು ತೊಟ್ಟು. ಅವರ ಹೆಂಡತಿ, ನಮಗೆಲ್ಲ ಕಾಕು, ಅದನ್ನು ತಿರುಗಿಸಿ ನೋಡಿ "ಇದಕ್ಕ ಮಸಾಲಿ ಹೆಂಗ ತುಂಬೂದು?" ಎಂದು ಕಿಟಕಿಯಲ್ಲಿಟ್ಟರು.

ಕಾಕು ಜಾಣೆ. ಗಂಡನ ಬಾಯಲ್ಲಿ ಊದುಗೊಳವೆ ಇದ್ದಾಗ ಮಾತ್ರ ಜಗಳ ತೆಗೆಯುತ್ತಿದ್ದರು. ತುದಿಯಲ್ಲಿ ಕೆಂಪಗೆ ಕಾದ ಗಾಜು, ಕೊಳವೆ ತಿರುಗಿಸುವುದು ನಿಂತರೆ ಜೋಲುತ್ತದೆ. ಉತ್ತರ ಕೊಡುವ ಹಾಗಿಲ್ಲ. ಸಿಟ್ಟೆಲ್ಲ ಕೊಳವೆಯೊಳಗೆ ಹೋಗುತ್ತಿತ್ತು. ಆಮೇಲೆ ಕಾಕಾ ಹೂದಾನಿಯ ಉಬ್ಬುಗಳನ್ನು ಮುಟ್ಟಿ ತೋರಿಸಿ, "ಇದು ಗ್ಯಾಸ್ ಮುಗದದ್ದು. ಈ ದೊಡ್ಡದು, ಆಕಿ ತಮ್ಮನ ಮಗನ ಲಗ್ನಕ್ಕ ನಾ ಹೋಗಲಾರದ್ದು" ಎಂದು ನನಗೆ ವಿವರಿಸುತ್ತಿದ್ದರು.

ಅವರ ನಿಜವಾದ ಆಸೆ ಒಂದು ಗಾಜಿನ ತಂಬಿಗೆ. ಮನೆಗೆ ಬಂದವರಿಗೆ ನೀರು, ಬೆಲ್ಲ ಕೊಡುವ ಊರು ನಮ್ಮದು. ಕೊಟ್ಟ ನೀರು ಬೆಳಕಿನಲ್ಲಿ ಕಾಣಬೇಕೆಂಬುದು ಅವರ ಹಟ. ಆದರೆ ತಂಬಿಗೆ ಪ್ರತಿ ಸಲವೂ ಕುತ್ತಿಗೆಯಲ್ಲಿ ಸೀಳುತ್ತಿತ್ತು. ಊದಿದ ಗಾಜನ್ನು ಕಾದ ಪೆಟ್ಟಿಗೆಯೊಳಗಿಟ್ಟು ಮರುದಿನದವರೆಗೆ ಮೆಲ್ಲಗೆ ತಣಿಸಬೇಕು, ಅವಸರ ಮಾಡಿದರೆ ಕೆಟ್ಟಿತು. ಅಕಾಲ ಮಳೆ ಹಿಡಿದ ಒಂದು ದಿನ ಕಾಕಾ ಹೊಸ ತಂಬಿಗೆಯನ್ನು ಪೆಟ್ಟಿಗೆಯೊಳಗಿಟ್ಟು, "ಇದೂ ಒಡದ್ರ ಕುಲುಮಿ ಬಂದ್. ನಿನ್ನ ತಮ್ಮ ಕೇಳಿದಂಗ ಇಲ್ಲೆ ಟ್ರ್ಯಾಕ್ಟರ್ ನಿಲ್ಲಸಲಿ" ಎಂದು ಅಡುಗೆಮನೆಯ ಕಡೆಗೆ ಕೂಗಿ ಹೇಳಿ ಚಹಾಕ್ಕೆ ಹೋದರು. ಒಗ್ಗರಣೆಯ ಸದ್ದಿನಲ್ಲಿ ಕಾಕುಗೆ ಅದು ಕೇಳಲಿಲ್ಲ.

ಪೆಟ್ಟಿಗೆ ಆರುತ್ತ ಬಂದಾಗ ಉಳಿಯುವ ಬಿಸಿಯಲ್ಲಿ, ಮಳೆಗೆ ತೊಯ್ದ ಮೆಣಸಿನಕಾಯಿ ಒಣಗಿಸುವ ರೂಢಿಯನ್ನು ಕಾಕು ಗುಟ್ಟಾಗಿ ಮಾಡಿಕೊಂಡಿದ್ದರು. ಅಂದೂ ನಿನ್ನೆಯ ಬಿಸಿಯೇ ಇದೆಯೆಂದು ತಿಳಿದು ಬಾಗಿಲನ್ನು ತುಸುವೇ ತೆರೆದು ಒಂದು ತಾಟು ಮೆಣಸಿನಕಾಯಿಯನ್ನು ಕೆಳಗಿನ ಖಾನೆಗೆ ಸರಿಸಿದರು. "ಇವತ್ತ ಕಾವು ಅಗದಿ ಚಲೋ ಐತಿ" ಎಂದು ಸಮಾಧಾನಪಟ್ಟು ಬಾಗಿಲು ಮುಚ್ಚಿದರು.

ಸುಟ್ಟ ಮೆಣಸಿನಕಾಯಿಯ ಘಾಟಿಗೆ ಓಣಿಗೆ ಓಣಿಯೇ ಕೆಮ್ಮುತ್ತ ಹೊರಗೆ ಬಂತು. ನಾನು ಹೊಲಿಗೆ ಯಂತ್ರ ಬಿಟ್ಟು ಓಡಿದೆ. ಕಾಕಾ ಪೆಟ್ಟಿಗೆಗೆ ಅಡ್ಡ ನಿಂತಿದ್ದರು. ಕಣ್ಣು ಮೂಗು ಒಂದಾಗಿ ಸುರಿಯುತ್ತಿದ್ದವು. "ಕೆಮ್ಮರಿ, ಬೇಕಾದಷ್ಟ ಕೆಮ್ಮರಿ. ಬಾಗಿಲಾ ಮುಟ್ಟಬ್ಯಾಡ್ರಿ. ಈಗ ತೆಗದ್ರ ತಂಬಿಗಿ ಹೋತು, ಕುಲುಮೀನೂ ಹೋತು." ಕಾಕು ಗಂಡನ ಮುಖ ನೋಡಿದರು. ಎರಡು ಪಂಚೆ ತೋಯಿಸಿ ತಂದು, ಒಂದನ್ನು ಅವರ ಮೂಗಿಗೆ ಕಟ್ಟಿ, ಇನ್ನೊಂದನ್ನು ತಾವು ಕಟ್ಟಿಕೊಂಡು ಮಗ್ಗಲಿಗೆ ನಿಂತರು. ಬಾಗಿಲು ತೆಗೆಯಲು ಬಂದ ಸ್ವಂತ ತಮ್ಮನಿಗೇ "ದೂರ ನಿಲ್ಲಲೇ" ಎಂದು ಗದರಿದರು. ಆ ಇಬ್ಬರ ಮೇಲೆ ನನಗೆ ಅಂದು ಬಂದ ಮಮತೆ ಇಂದಿಗೂ ಹೋಗಿಲ್ಲ.

ಮರುದಿನ ತಂಬಿಗೆ ಇಡಿಯಾಗಿ ಹೊರಬಂತು, ಮಸಿ ಬಳಿದುಕೊಂಡು. ತಿಕ್ಕಿ ತೊಳೆದು ಮೊದಲ ನೀರು ನನಗೇ ಕೊಟ್ಟರು. ಎತ್ತಿ ಕುಡಿದು, ಉಳಿದಿದ್ದ ಘಾಟಿಗೆ ಕೆಮ್ಮಿದೆ. ಕಾಕಾ ನಕ್ಕರು. ಅವರು ನಿಲ್ಲಿಸಿದ ಮೇಲೂ ಗಲ್ಲಗಳು ನಗುತ್ತಿದ್ದವು.

ಕಾಕಾ ತೀರಿಕೊಂಡು ವರ್ಷವಾಯಿತು. ಶೆಡ್ಡಿನೊಳಗೆ ಟ್ರ್ಯಾಕ್ಟರ್ ಬರಲು ಕಾಕು ಬಿಟ್ಟಿಲ್ಲ. ಮೊನ್ನೆ ಹೋದಾಗ ಅದೇ ತಂಬಿಗೆಯಲ್ಲಿ ನೀರು ಕೊಟ್ಟು, ನಾನು ಕುಡಿಯುವುದನ್ನೇ ನೋಡುತ್ತ ಕುಳಿತರು.

"ಘಾಟ ಇನ್ನೂ ಐತೇನವಾ?"

ಅದು ಎಂದೋ ಹೋಗಿತ್ತು.

"ಐತ್ರಿ ಕಾಕು" ಎಂದು ಕೆಮ್ಮಿದೆ. ಅವರು ಖುಷಿಯಾಗಿ ಇನ್ನೊಂದು ತುಂಡು ಬೆಲ್ಲ ತರಲು ಒಳಗೆ ಹೋದರು.