ಮುದ್ದೆ ಅಗಿದವರು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಬಾಯಿಂದ ನಾನು ದೊಡ್ಡಮ್ಮನನ್ನು ಸೋಲಿಸಿ, ಮುದ್ದೆಯನ್ನು ಅಗಿದು ತಿನ್ನುವಂತೆ ಮಾಡಿದೆ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ವಾದದಲ್ಲಿ ನಾನು ಒಂದು ಸುತ್ತನ್ನೂ ಗೆದ್ದಿರಲಿಲ್ಲ.

ಆಗ ಹನೂರಿನ ದೊಡ್ಡಮ್ಮನ ಮನೆಯಲ್ಲಿದ್ದು ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹೊಟ್ಟೆಯಲ್ಲಿ ಸೋಂಕಿದೆ ಎಂದು ಡಾಕ್ಟರು ಎರಡು ವಾರ ಹಿಡಿ ಹಿಡಿ ಮಾತ್ರೆ ನುಂಗಿಸಿದರು. ಮತ್ತೆ ಪರೀಕ್ಷಿಸಿ ಸೋಂಕು ಹೋಯಿತೆಂದರು. ಎದೆಯುರಿ, ಹುಳಿತೇಗು ಮಾತ್ರ ಹೋಗಲಿಲ್ಲ. ವಾದದ ನಡುವೆ ಹುಳಿ ಗಂಟಲಿಗೆ ಬಂದರೆ ಸೋಲಲು ಎದುರಾಳಿಯೇ ಬೇಕಿಲ್ಲ. ಅದಕ್ಕೆ ಡಾಕ್ಟರು ಊಟಕ್ಕೆ ಮುಂಚೆ ನುಂಗಲು ಒಂದು ಮಾತ್ರೆ ಕೊಟ್ಟು ಮೂರು ಮಾತು ಹೇಳಿದರು: ಸ್ವಲ್ಪ ಸ್ವಲ್ಪವೇ ಅಗಿದು ತಿನ್ನು, ಉಂಡ ಕೂಡಲೇ ಮಲಗಬೇಡ, ಮಂಚದ ತಲೆಕಡೆ ಎತ್ತರಿಸು.

ದೊಡ್ಡಮ್ಮ ಮೊದಲ ಮಾತಿಗೇ ನಕ್ಕಳು. ನಮ್ಮ ಕಡೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ, ಅಗಿಯುವವನು ಹೊರಗಿನವನು.

“ಅಗಿಯಕೆ ಅದೇನ್ ಕಬ್ಬೇನ್ಲಾ? ಅದಿರ್ಲಿ, ಉಳ ಸತ್ತೋಯ್ತು ಅಂದ್ಯಲ್ಲ, ಮತ್ತೆ ಈ ಉರಿ ಯಾರ್ದು?”

“ಕಳ್ಳ ಓಡೋದ್ರೂ ಅವನು ಮುರಿದ ಬಾಗಿಲು ಹಂಗೇ ಇರ್ತದಲ್ಲ ದೊಡ್ಡಮ್ಮ.”

“ಅಂಗಾರೆ ಬಾಗ್ಲು ರಿಪೇರಿ ಮಾಡ್ಸು. ನನ್ ಮುದ್ದೆ ಮ್ಯಾಲ್ಯಾಕೆ ಕಂಪ್ಲೇಂಟು?”

ತೀರ್ಪುಗಾರರಿದ್ದಿದ್ದರೆ ಅಂಕ ಅವಳಿಗೇ. ಮಂಚದ ತಲೆದೆಸೆಗೆ ಎರಡು ಇಟ್ಟಿಗೆ ಕೊಟ್ಟಾಗಲೂ ಬಿಡಲಿಲ್ಲ. “ಜಾರ್ಕಂಡು ಆ ಕೌದಳ್ಳಿ ಊರ್ಗೇ ಓಗ್ಬುಟ್ಟೀಯ ಕಣ್ಲಾ, ಬಸ್ಸೇ ಬ್ಯಾಡ.”

ನಾನು ಹಟ ಹಿಡಿದು ಅಗಿದೆ. ಸಂಜೆಯೇ ಉಂಡು, ಜಗಲಿಯಲ್ಲಿ ಕೂತು ಸ್ಪರ್ಧೆಯ ಮಾತನ್ನು ಅಭ್ಯಾಸ ಮಾಡುತ್ತಿದ್ದೆ. ಉಂಡ ಕೂಡಲೇ ಮಂಚ ಸೇರುತ್ತಿದ್ದ ದೊಡ್ಡಮ್ಮ ಈಗ ನನ್ನ ಜೊತೆ ಕೂರತೊಡಗಿದಳು. ನನ್ನ ಮಾತು ಕೇಳಲಿಕ್ಕೆಂದು ನಾನು ನಂಬಿದ್ದೆ, ಅಷ್ಟು ಜಂಬ. ಆಗಾಗ ಎದೆ ನೀವಿಕೊಳ್ಳುತ್ತಿದ್ದಳು. ಕೇಳಿದರೆ “ಒಲೆ ಒಗೆ” ಎನ್ನುತ್ತಿದ್ದಳು. ಎಲ್ಲದಕ್ಕೂ ಪುರಾವೆ ಕೇಳುವ ನಾನು ಆ ಹೊಗೆಗೆ ಮಾತ್ರ ಕೇಳಲಿಲ್ಲ.

ತಿಂಗಳಲ್ಲಿ ನನ್ನ ಉರಿ ತಗ್ಗಿತು. ಒಂದು ಮಧ್ಯಾಹ್ನ ಕ್ಲಾಸಿಲ್ಲದೆ ಬೇಗ ಬಂದೆ. ದೊಡ್ಡಮ್ಮ ಬಾಗಿಲಿಗೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಮುದ್ದೆ. ದವಡೆ ನಿಧಾನವಾಗಿ ಆಡುತ್ತಿತ್ತು. ಆಚೆ ಕೋಣೆಯಲ್ಲಿ ಅವಳ ಮಂಚದ ತಲೆದೆಸೆಗೂ ಎರಡು ಇಟ್ಟಿಗೆ.

“ಏನ್ಲಾ, ಈಟೊತ್ಗೇ ಬಂದೆ?” ಎಂದವಳು ಬಾಯಲ್ಲಿದ್ದುದನ್ನು ಗಬಕ್ಕನೆ ನುಂಗಿದಳು.

ಗೆದ್ದೆನೆಂದು ಕೂಗುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳ ಕೈ ಮತ್ತೆ ಎದೆಗೆ ಹೋಯಿತು. ಅಂದು ಒಲೆ ಆರಿತ್ತು.

“ದೊಡ್ಡಮ್ಮ, ನಿಂಗೆ ಎಷ್ಟು ದಿನದಿಂದ ಉರೀತದೆ?”